ಅಪರೂಪದ ಕ್ಯಾನ್ಸರ್, ಊರು, ಆದಾಯ: ನಾನು ಲೆಕ್ಕ ಹಾಕಿದ ಬಗೆ

ತಲೆ-ಕುತ್ತಿಗೆ ಕ್ಯಾನ್ಸರ್ ಅಂದರೆ ಬಾಯಿ, ಗಂಟಲು ಅಷ್ಟೇ ನೆನಪಾಗುತ್ತದೆ, ಅಲ್ವಾ? ನಾನು ಹಿಡಿದುಕೊಂಡಿದ್ದು ಅಪರೂಪದವನ್ನು; ರೋಗಿ ಇರುವ ಊರಿಗೂ ಆದಾಯಕ್ಕೂ ಬದುಕುಳಿಯುವುದಕ್ಕೂ ಏನು ಸಂಬಂಧ ಅನ್ನೋದು ನನ್ನ ಪ್ರಶ್ನೆ. ಜೊಲ್ಲುಗ್ರಂಥಿಯ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ, ಮೂಗಿನ ಮೇಲ್ಭಾಗದಲ್ಲಿ ಹುಟ್ಟುವ ಆಲ್ಫ್ಯಾಕ್ಟರಿ ನ್ಯೂರೋಬ್ಲಾಸ್ಟೋಮ, ಇಂಥವು. ಒಂದೇ ಆಸ್ಪತ್ರೆಯ ದಾಖಲೆ ಇಟ್ಟುಕೊಂಡು ಇವುಗಳ ಬಗ್ಗೆ ಏನೂ ಹೇಳಲಾಗದು. ಅದಕ್ಕೇ ಕ್ಯಾನ್ಸರ್ ರೋಗಿಗಳ ದಾಖಲೆ ಇಡುವ ಅಮೆರಿಕದ ಸೀರ್ ನೋಂದಣಿಗೆ ಹೋದೆ. 1973ರಿಂದ ನಡೆದು ಬಂದಿರುವ ಈ ನೋಂದಣಿಯಲ್ಲಿ ಈಗ ಆ ದೇಶದ ಹತ್ತಿರ ಹತ್ತಿರ ಅರ್ಧ ಜನ ಬರುತ್ತಾರೆ.

ಮೊದಲ ಕೆಲಸ ರೋಗಿಗಳನ್ನು ಆರಿಸುವುದು. ಗೆಡ್ಡೆಯ ಕೋಶ ಯಾವ ಬಗೆಯದು ಅಂತ ಹೇಳುವ ಕೋಡ್ 8200 (ಅಡಿನಾಯ್ಡ್ ಸಿಸ್ಟಿಕ್) ಅಂತ ಕೊಟ್ಟರೆ ಸಾಲದು, ಸ್ತನದಲ್ಲಿ ಬರುವ ಅಡಿನಾಯ್ಡ್ ಸಿಸ್ಟಿಕ್ ಕೂಡ ಒಳಗೆ ಬಂದುಬಿಡುತ್ತದೆ. ಹಾಗಾಗಿ ಅಂಗದ ಕೋಡನ್ನೂ ಜೊತೆಗೆ ಹಾಕಲೇಬೇಕು.

ಆಮೇಲೆ ಆದಾಯ. ಸೀರ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ರೋಗಿಯ ಆದಾಯ ಅಲ್ಲ, ಅವರಿದ್ದ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಮನೆಗಳ ಮಧ್ಯಾಂಕ ಆದಾಯ, ಅಂದರೆ ಅರ್ಧ ಮನೆಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ. ಶ್ರೀಮಂತ ಕೌಂಟಿಯಲ್ಲಿ ಬಾಡಿಗೆ ಕಟ್ಟಲು ಒದ್ದಾಡುವವರೂ ಅಲ್ಲಿ ಅನುಕೂಲಸ್ಥರಾಗಿಯೇ ಕಾಣುತ್ತಾರೆ. ಅದಕ್ಕೆ ನಾನು ಎಲ್ಲೂ 'ಬಡ ರೋಗಿ' ಅಂತ ಬರೆಯಲಿಲ್ಲ, 'ಕಡಿಮೆ ಆದಾಯದ ಕೌಂಟಿಯವರು' ಅಂತಲೇ ಬರೆದೆ. ನಗರ-ಹಳ್ಳಿ ವಿಂಗಡಣೆಗೆ ಅಲ್ಲಿನ ಕೃಷಿ ಇಲಾಖೆಯ 1ರಿಂದ 9ರ ಕೋಡ್ ಇದೆ; 1ರಿಂದ 3 ಮಹಾನಗರ ಪ್ರದೇಶ, ಉಳಿದದ್ದು ಅದರ ಹೊರಗಿನದು.

ಎಷ್ಟು ವರ್ಷ ನೋಡಬೇಕು ಅನ್ನೋದೂ ದೊಡ್ಡ ಪ್ರಶ್ನೆ. ಅಡಿನಾಯ್ಡ್ ಸಿಸ್ಟಿಕ್ ನಿಧಾನದ್ದು, ಆದರೆ ಹಟಮಾರಿ. ನರದ ಗುಂಟ ಹಬ್ಬುತ್ತದೆ, ಹತ್ತು ವರ್ಷದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. 5 ವರ್ಷಕ್ಕೆ ನಿಲ್ಲಿಸಿದರೆ ಎಲ್ಲರೂ ಚೆನ್ನಾಗಿದ್ದಾರೆ ಅನ್ನಿಸಿಬಿಡುತ್ತದೆ. ಇಷ್ಟು ವರ್ಷದಲ್ಲಿ ಕೆಲವರು ಹೃದಯದ ಕಾಯಿಲೆಯಿಂದಲೋ ಇನ್ನೊಂದರಿಂದಲೋ ಸಾಯುತ್ತಾರೆ, ಅದೂ ಬಡ ಪ್ರದೇಶಗಳಲ್ಲಿ ಜಾಸ್ತಿ. ಹಾಗಾಗಿ ಒಟ್ಟು ಸಾವು, ಕ್ಯಾನ್ಸರ್‌ನಿಂದಾದ ಸಾವು ಎರಡನ್ನೂ ಬೇರೆ ಬೇರೆ ನೋಡಿದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು. ವಯಸ್ಸು, ಲಿಂಗ ಮಾತ್ರ ಸೇರಿಸಿದ ಲೆಕ್ಕದ ಮಾದರಿಯಲ್ಲಿ (ಮಾಡೆಲ್) ಆದಾಯದ ಅಂತರ ಕಣ್ಣಿಗೆ ಕಂಡಿತು. ಸ್ಟೇಜ್, ಶಸ್ತ್ರಚಿಕಿತ್ಸೆ, ರೇಡಿಯೇಷನ್ ಸೇರಿಸಿದ ಮೇಲೆ ಕುಗ್ಗಿತು. ಇದನ್ನು ನೋಡಿ ಆದಾಯಕ್ಕೂ ಬದುಕುಳಿಯುವುದಕ್ಕೂ ಸಂಬಂಧವಿಲ್ಲ ಅನ್ನುವವರಿದ್ದಾರೆ, ಅದು ತಪ್ಪು. ಮೂಗಿನ ಗೆಡ್ಡೆಯನ್ನೇ ನೋಡಿ: ಒಂದೇ ಕಡೆ ಮೂಗು ಕಟ್ಟುತ್ತದೆ, ರಕ್ತ ಬರುತ್ತದೆ, ಸೈನಸ್ ಅಂತ ತಿಂಗಳುಗಟ್ಟಲೆ ಔಷಧಿ ನಡೆಯುತ್ತದೆ, ಮೂಗಿನೊಳಗೆ ನೋಡುವ ಎಂಡೋಸ್ಕೋಪ್ ಇರುವ ಕಡೆಗೆ ತಲುಪುವಷ್ಟರಲ್ಲಿ ಗೆಡ್ಡೆ ತಲೆಬುರುಡೆಯ ತಳ ಮುಟ್ಟಿರುತ್ತದೆ. ಬಯಾಪ್ಸಿ ಆದರೂ, ಇಂಥದ್ದನ್ನು ಹಿಂದೆಂದೂ ನೋಡಿರದ ಪೆಥಾಲಜಿಸ್ಟ್ ಬೇರೆ ಹೆಸರು ಕೊಟ್ಟಿರಬಹುದು. ಆಪರೇಷನ್ ಆದ ಮೇಲೆ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು, ಶುರುವಾದರೆ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ, ಅಷ್ಟು ದಿನ ಕೂಲಿ ಬಿಟ್ಟು ದೂರದೂರಲ್ಲಿ ಉಳಿಯುವುದು ಯಾರಿಂದ ಸಾಧ್ಯ? ತಡವಾದ ಸ್ಟೇಜ್, ಅರ್ಧಕ್ಕೆ ನಿಂತ ಚಿಕಿತ್ಸೆ, ಇವೇ ಬಡತನ ಸಾವಿಗೆ ಮುಟ್ಟುವ ದಾರಿಗಳು. ದಾರಿಯನ್ನೇ ಲೆಕ್ಕದಿಂದ ಕಳೆದು, ಆದಾಯದ ಪಾಲು ಕಾಣಲಿಲ್ಲ ಅಂದರೆ ಹೇಗೆ? ಅದಕ್ಕೇ ಎರಡೂ ಮಾದರಿಗಳನ್ನು ಪಕ್ಕಪಕ್ಕ ಇಟ್ಟು ಬರೆದೆ.

ಇದರಲ್ಲೂ ಒಂದು ಕೊರತೆ ಇದೆ. ರೇಡಿಯೇಷನ್ ಡೋಸ್ ಎಷ್ಟು, ಕೋರ್ಸ್ ಪೂರ್ತಿ ಆಯಿತಾ ಅನ್ನೋದು ಸೀರ್‌ನಲ್ಲಿ ಇಲ್ಲ. 'ಕೊಟ್ಟಿಲ್ಲ' ಮತ್ತು 'ಗೊತ್ತಿಲ್ಲ' ಒಂದೇ ಖಾನೆಯಲ್ಲಿವೆ. ಜೊತೆಗೆ ಹಳ್ಳಿ ಗುಂಪು ತುಂಬಾ ಚಿಕ್ಕದು, ಅಂದಾಜಿನ ವ್ಯಾಪ್ತಿ ಅಗಲವಾಗಿ ಬರುತ್ತದೆ. ಕಂಡ ವ್ಯತ್ಯಾಸ ಬರೀ ಆಕಸ್ಮಿಕವಿರಬಹುದಾ ಅಂತ ಅಳೆಯಲು ಬಳಸುವ ಪಿ ಮೌಲ್ಯ, ರೂಢಿಯ ಗಡಿಯಾದ 0.05 ದಾಟಿತು ಅಂತ ವ್ಯತ್ಯಾಸವೇ ಇಲ್ಲ ಅಂತ ನಾನು ಬರೆಯುವುದಿಲ್ಲ.

ದೂರದ ವಿಷಯಕ್ಕೆ ಎನ್‌ಸಿಡಿಬಿ ಅನ್ನುವ, ಅಮೆರಿಕದ ಆಸ್ಪತ್ರೆಗಳ ಕ್ಯಾನ್ಸರ್ ದಾಖಲೆಗಳ ಸಂಗ್ರಹ ನೋಡಬೇಕು, ಮನೆಯಿಂದ ಆಸ್ಪತ್ರೆಗೆ ಎಷ್ಟು ದೂರ ಅಂತ ಅದರಲ್ಲಿದೆ. ಆದರೆ ಹುಷಾರು. ದೂರ ಹೋದವರು ಹೆಚ್ಚು ಬದುಕಿದಂತೆ ಕಾಣಬಹುದು, ಯಾಕೆಂದರೆ ಹೋಗುವ ಶಕ್ತಿ, ಹಣ ಇದ್ದವರೇ ಹೋಗಿರುತ್ತಾರೆ. ಹೋಗಲಾಗದವರು ಅಲ್ಲಿ ಸುಮ್ನೆ 'ಹತ್ತಿರದವರು' ಆಗಿರುತ್ತಾರೆ. ದೂರವನ್ನು ಆದಾಯದ ಜೊತೆ ಸೇರಿಸದೆ ನಾನು ನೋಡುವುದಿಲ್ಲ.