ಮಲೆನಾಡಿನ ವಾಹನದ ಹೆಡರಿಗೆ ಶಾಖನಿರೋಧಕ ಲೇಪನ: ಆರಿಸುವ ಮತ್ತು ಹಚ್ಚುವ ಕ್ರಮ

ಸಿಲಿಂಡರುಗಳಿಂದ ಹೊರಬೀಳುವ ಬಿಸಿ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿನ ಕಡೆಗೆ ಒಯ್ಯುವ ಕೊಳವೆಗಳೇ ಹೆಡರ್. ಆಗುಂಬೆ ಘಾಟಿಯ 14 ತಿರುವುಗಳನ್ನು ಕೆಳ ಗೇರಿನಲ್ಲಿ ಏರುವಾಗ ಪೆಟ್ರೋಲ್ ಎಂಜಿನ್ನಿನ ಹೊಗೆಯ ಉಷ್ಣತೆ 800 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಡೀಸೆಲ್ಲಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವಾಹನ ಓಡಿಸುವವರು ಡಬ್ಬಿಯ ಮೇಲಿನ ಡಿಗ್ರಿಯೊಂದನ್ನೇ ನೋಡಿ ಲೇಪನ ಆರಿಸಬಾರದು. ಕಾದ ಕೊಳವೆಗೆ ರಸ್ತೆಯ ನೀರು ಸಿಡಿಯುವುದು, ಬಳಿಕ ಥಂಡಿ ಹಿಡಿದ ಕೊಟ್ಟಿಗೆಯಲ್ಲಿ ಅದು ದಿನಗಟ್ಟಲೆ ನಿಲ್ಲುವುದು, ಈ ಎರಡೂ ಸೇರಿ ಲೇಪನವನ್ನು ಎಬ್ಬಿಸುತ್ತವೆ.

ನನ್ನ ಹಳೆಯ ಜೀಪಿಗೆ ಒಮ್ಮೆ ಜುಲೈ ತಿಂಗಳಿನಲ್ಲಿ ಬಣ್ಣ ಹೊಡೆಸಿದ್ದೆ. ದೀಪಾವಳಿಯ ಹೊತ್ತಿಗೆ ಎಂಜಿನ್ನಿಗೆ ಅಂಟಿದ ಮೊದಲ ನಾಲ್ಕು ಬೆರಳಿನಷ್ಟು ಭಾಗದಲ್ಲಿ ಬಣ್ಣ ಬೂದಿಯಾಗಿ ಹೆಬ್ಬೆರಳಿಗೆ ಹತ್ತುತ್ತಿತ್ತು. ಬೆಸುಗೆಯ ಗೆರೆಯುದ್ದಕ್ಕೂ ಹಕ್ಕಳೆ ಎದ್ದು ಒಳಗಿನ ತುಕ್ಕು ಕಾಣುತ್ತಿತ್ತು. ಕೆಳಗಿನ ಭಾಗ ಮಾತ್ರ ಹಾಗೆಯೇ ಉಳಿದಿತ್ತು. ಹೀಗಾಗಿ ಅತಿ ಬಿಸಿಯಾಗುವ ಆ ಮೇಲ್ತುದಿಯನ್ನು ಲೆಕ್ಕಕ್ಕೆ ಹಿಡಿದೇ ಲೇಪನ ಆರಿಸಬೇಕು.

ಅಲ್ಯೂಮಿನಿಯಂ ಪುಡಿ ಬೆರೆತ ಸಿಲಿಕೋನ್ ಬಣ್ಣ ಅಗ್ಗ, ಮನೆಯಲ್ಲೇ ಹಚ್ಚಬಹುದು, ಸುಮಾರು 600 ಡಿಗ್ರಿಯವರೆಗೆ ಬಾಳುತ್ತದೆ. ಡಬ್ಬಿಯ ಮೇಲಿನ ಅಂಕಿ ನಿರಂತರ ಶಾಖದ್ದೋ, ಅರೆಗಳಿಗೆಯ ಶಾಖದ್ದೋ ಎಂಬುದನ್ನು ಅಂಗಡಿಯಲ್ಲೇ ಓದಿ ನೋಡಿ. ಡೀಸೆಲ್ ಜೀಪಿಗೆ ಇದು ಸಾಕು. ಪೆಟ್ರೋಲ್ ಎಂಜಿನ್ನಿಗೆ, ಅದರಲ್ಲೂ ಟರ್ಬೊ ಇದ್ದರೆ, ಖರ್ಚು ಹೆಚ್ಚಾದರೂ ಸೆರಾಮಿಕ್ ಲೇಪನವನ್ನೇ ಮಾಡಿಸಿ. ಕೊಳವೆಯ ಒಳಗೂ ಹೊರಗೂ ಹಚ್ಚಿದ ಸೆರಾಮಿಕ್ ಶಾಖವನ್ನು ಹೊಗೆಯಲ್ಲೇ ಉಳಿಸಿ ಬಾನೆಟ್ಟಿನ ಒಳಭಾಗವನ್ನು ತಂಪಾಗಿಡುತ್ತದೆ, ತುಕ್ಕನ್ನೂ ತಡೆಯುತ್ತದೆ. ಪುಡಿಬಣ್ಣವನ್ನು ಸಿಂಪಡಿಸಿ ಕಾಯಿಸಿ ಅಂಟಿಸುವ ಸಾಮಾನ್ಯ ಪೌಡರ್ ಕೋಟಿಂಗ್ ಇಲ್ಲಿ ನಿಲ್ಲುವುದಿಲ್ಲ. ಸತುವಿನ ಲೇಪನವಂತೂ ಬೇಡವೇ ಬೇಡ. ಸತು 420 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಅದರ ಹೊಗೆ ಉಸಿರಿಗೆ ಕೆಟ್ಟದ್ದು. ಕೊಳವೆಗೆ ಸುತ್ತುವ ಶಾಖನಿರೋಧಕ ಪಟ್ಟಿಯನ್ನೂ ನಮ್ಮ ಮಳೆಗೆ ನಾನು ಒಪ್ಪುವುದಿಲ್ಲ, ಏಕೆಂದರೆ ಅದು ನೀರನ್ನು ಹೀರಿಕೊಂಡು ಕಬ್ಬಿಣಕ್ಕೆ ಒತ್ತಿಹಿಡಿಯುತ್ತದೆ.

ಯಾವುದನ್ನೇ ಆರಿಸಿದರೂ ಕೆಲಸ ಕೆಡುವುದು ಹೆಚ್ಚಾಗಿ ತಯಾರಿಯಲ್ಲಿ. ಸ್ಯಾಂಡ್‌ಬ್ಲಾಸ್ಟಿಂಗ್ (ಮರಳಿನಂಥ ಕಣಗಳನ್ನು ರಭಸದಿಂದ ಸಿಡಿಸಿ ಉಜ್ಜುವುದು) ಮಾಡಿಸಿ ಬರಿ ಲೋಹ ಕಾಣುವಂತೆ ಮಾಡಿ, ಥಿನ್ನರಿನಲ್ಲಿ ಜಿಡ್ಡು ತೆಗೆದು, ಆಮೇಲೆ ಬರಿಗೈಯಲ್ಲಿ ಮುಟ್ಟದೆ ಅಂದೇ ಲೇಪಿಸಬೇಕು. ಮಳೆಗಾಲದಲ್ಲಿ ಬೆಳಿಗ್ಗೆ ಬೂದುಬಣ್ಣಕ್ಕೆ ಬಂದ ಕಬ್ಬಿಣದ ಮೇಲೆ ಊಟದ ಹೊತ್ತಿಗೆಲ್ಲ ಕಿತ್ತಳೆ ಬಣ್ಣದ ತೆಳು ತುಕ್ಕು ಕೂತಿರುತ್ತದೆ; ಅದರ ಮೇಲೆ ಹೊಡೆದ ಬಣ್ಣ ನಿಲ್ಲದು. ಆದ್ದರಿಂದ ಈ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿಯೊಳಗೆ ಇಟ್ಟುಕೊಳ್ಳಿ. ಗ್ಯಾಸ್ಕೆಟ್ (ಜೋಡಣೆಯಲ್ಲಿ ಹೊಗೆ ಸೋರದಂತೆ ತಡೆಯುವ ತೆಳು ಪದರ) ಕೂರುವ ಮುಖಕ್ಕೂ ಸೆನ್ಸರ್ ಕೂರುವ ತಿರುಪಿನ ಮರೆಗೂ ಟೇಪು ಹಚ್ಚಿ. ದಪ್ಪವಾಗಿ ಬಳಿಯದೆ, ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ.

ಸಿಲಿಕೋನ್ ಬಣ್ಣ ಮುಟ್ಟಿದರೆ ಒಣಗಿದಂತಿದ್ದರೂ ಬೇಯದ ಹೊರತು ಗಟ್ಟಿಯಾಗುವುದಿಲ್ಲ. ಸಾಮಾನ್ಯವಾಗಿ 120, ಆಮೇಲೆ 200, ಕೊನೆಗೆ 315 ಡಿಗ್ರಿಯ ಸುಮಾರಿಗೆ ಅರ್ಧರ್ಧ ಗಂಟೆ ಕಾಯಿಸಿ, ನಡುನಡುವೆ ಆರಲು ಬಿಡಬೇಕು. ಡಬ್ಬಿಯಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಿ. ಓವನ್ ಸಿಗದಿದ್ದರೆ ವಾಹನವನ್ನು ಅಂಗಳಕ್ಕೆ ತಂದು, ಎಂಜಿನ್ನನ್ನು ಮೊದಲು ಹತ್ತು ನಿಮಿಷ, ಆರಿದ ಮೇಲೆ ಇನ್ನೂ ಹೆಚ್ಚು ಹೊತ್ತು ಓಡಿಸಿ. ಆಗ ಏಳುವ ಹೊಗೆಗೆ ಹೆದರಬೇಕಿಲ್ಲ, ಆದರೆ ಅದನ್ನು ಕುಡಿಯಬೇಡಿ. ಘಾಟಿ ಇಳಿದು ಬಂದ ಕೂಡಲೇ ವಾಟರ್ ಸರ್ವೀಸಿಗೆ ಕೊಡಬೇಡಿ; ಹೆಡರ್ ಕೈಗೆ ತಣ್ಣಗಾದ ಮೇಲೆಯೇ ನೀರು ಬೀಳಲಿ.