ಸಕ್ಕರೆ ಕಾಯಿಲೆ ಇದ್ದವರು ಮನೆಯಲ್ಲೇ ಕಾಲು ಪರೀಕ್ಷಿಸಿಕೊಳ್ಳುವುದು ಹೇಗೆ?

‘ನೋವೇ ಇಲ್ಲವಲ್ಲ, ಡಾಕ್ಟರ ಹತ್ತಿರ ಯಾಕೆ ಹೋಗಬೇಕು?’ ಶುಗರ್ ಇರುವವರ ಕಾಲಲ್ಲಿ ಗಾಯ ಕಂಡಾಗ ಬರುವ ಮೊದಲ ಮಾತು ಇದು. ತೊಂದರೆ ಇರುವುದೇ ಅಲ್ಲಿ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ನರಗಳು ಸೊರಗುತ್ತವೆ, ಅದು ಶುರುವಾಗುವುದು ಕಾಲ್ಬೆರಳಿನ ತುದಿಯಿಂದ. ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲು ದಿನವಿಡೀ ಒತ್ತಿದರೂ ಗೊತ್ತಾಗುವುದಿಲ್ಲ. ಕಾಲಿಗೆ ರಕ್ತ ಹರಿಯುವುದೂ ಕಮ್ಮಿಯಾಗಿದ್ದರೆ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಂತೂ ಇನ್ನೂ ಕಷ್ಟ.

‘ನನಗೆ ಕಾಲು ಉರಿಯುತ್ತೆ, ಹಾಗಾದರೆ ಸ್ಪರ್ಶ ಚೆನ್ನಾಗಿದೆ ಅಂತ ತಾನೇ?’ ಅಲ್ಲ. ಉರಿ ಮತ್ತು ಜೋಮು ಒಟ್ಟಿಗೇ ಇರಬಹುದು.

ಸ್ಪರ್ಶ ಇದೆಯೇ ಎಂದು ತಿಳಿಯಲು

ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಒಂದು ಸರಳ ಪರೀಕ್ಷೆ ಇದೆ. ಬೇಕಾದದ್ದು ಮನೆಯವರ ತೋರುಬೆರಳು ಮಾತ್ರ. ಚಪ್ಪಲಿ, ಕಾಲುಚೀಲ ತೆಗೆದು ಕಾಲು ಚಾಚಿ ಮಲಗಿ. ಕಣ್ಣು ಮುಚ್ಚಿಕೊಳ್ಳಿ. ಮುಟ್ಟಿದ್ದು ಗೊತ್ತಾದ ಕೂಡಲೇ ‘ಬಲ’ ಅಥವಾ ‘ಎಡ’ ಎಂದು ಹೇಳಬೇಕು. ಮನೆಯವರು ಬಲಗಾಲಿನ ಹೆಬ್ಬೆರಳ ತುದಿ, ಆಮೇಲೆ ಕಿರುಬೆರಳು, ಹಾಗೆಯೇ ಎಡಗಾಲಿನ ಹೆಬ್ಬೆರಳು, ಕಿರುಬೆರಳು, ಕೊನೆಗೆ ಬಲದ ಮತ್ತು ಎಡದ ನಡುಬೆರಳು ಮುಟ್ಟಬೇಕು. ಒಂದೆರಡು ಸೆಕೆಂಡು, ಹೂವು ಮುಟ್ಟಿದಷ್ಟು ಹಗುರವಾಗಿ. ಒತ್ತಬಾರದು, ತಟ್ಟಬಾರದು. ಗೊತ್ತಾಗಲಿಲ್ಲ ಎಂದು ಇನ್ನೊಮ್ಮೆ ಮುಟ್ಟುವ ಹಾಗೂ ಇಲ್ಲ. ಮನೆಯವರು ಪಾಪ ಅಂತ ಎರಡನೇ ಸಲ ಒತ್ತಿಬಿಡುತ್ತಾರೆ, ಅಲ್ಲಿಗೆ ಪರೀಕ್ಷೆ ಕೆಟ್ಟ ಹಾಗೆ.

ಆರು ಬೆರಳಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಸ್ಪರ್ಶ ಕುಗ್ಗಿರುವ ಸಾಧ್ಯತೆ ಇದೆ. ಡಾಕ್ಟರಿಗೆ ತೋರಿಸಿ. ಅವರು 10 ಗ್ರಾಂ ಒತ್ತಡದ ಸಣ್ಣ ನೈಲಾನ್ ಎಳೆಯಿಂದ ಅಂಗಾಲು ಪರೀಕ್ಷಿಸುತ್ತಾರೆ. ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆ ಬೇಕೇ ಎಂದೂ ಕೇಳಿ. ಆ ಮಾತ್ರೆಯಿಂದ ಬಿ12 ಕಮ್ಮಿಯಾಗಬಹುದು, ಅದರಿಂದಲೂ ಜೋಮು ಬರುತ್ತದೆ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ದಿನಾ ಮಾಡಬೇಕಾದದ್ದು

ರಾತ್ರಿ ಮಲಗುವ ಮುಂಚೆ ಕಾಲು ತೊಳೆಯಿರಿ. ನೀರು ಎಷ್ಟು ಬಿಸಿ ಎಂದು ಪಾದದಿಂದ ನೋಡಬೇಡಿ, ಮೊಣಕೈ ಅದ್ದಿ ನೋಡಿ. ಬಕೆಟ್‌ನಲ್ಲಿ ಕಾಲು ನೆನೆಸಿ ಕೂರುವುದು, ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳುವುದು ಎರಡೂ ಬೇಡ. ಬೆರಳ ಸಂದನ್ನು ಮೆತ್ತನೆ ಬಟ್ಟೆಯಿಂದ ಪೂರ್ತಿ ಒರೆಸಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬಹುದು, ಆದರೆ ಬೆರಳ ಸಂದಿಗೆ ಬೇಡ. ಅಲ್ಲಿ ಪಸೆ ನಿಂತರೆ ಫಂಗಸ್ ಬರುತ್ತದೆ.

ಆಮೇಲೆ ಒಳ್ಳೆ ಬೆಳಕಿನಲ್ಲಿ ಅಂಗಾಲು ನೋಡಿ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯಿರಿ. ಕಣ್ಣೂ ಮಂಜಾಗಿದ್ದರೆ ಮೊಮ್ಮಕ್ಕಳನ್ನು ಕರೆಯಿರಿ. ಗುಳ್ಳೆ, ಕೆಂಪು, ಬಿರುಕು, ಕಪ್ಪಾದ ಚರ್ಮ, ಬಿಳಿ ಕಾಲುಚೀಲದ ಮೇಲೆ ಹಸಿ ಕಲೆ ಹುಡುಕಬೇಕು. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ತೋಡಬೇಡಿ. ಆಣಿ ಇದ್ದರೆ ಬ್ಲೇಡು ಹಿಡಿಯಬೇಡಿ. ಮೆಡಿಕಲ್ ಶಾಪಿನ ಆಣಿ ಪಟ್ಟಿಯಲ್ಲಿ ಆಮ್ಲ ಇರುತ್ತದೆ, ಅದು ಪಕ್ಕದ ಒಳ್ಳೆ ಚರ್ಮವನ್ನೂ ಸುಡುತ್ತದೆ.

ಚಪ್ಪಲಿ, ದೇವಸ್ಥಾನ, ಗದ್ದೆ

ಮನೆಯೊಳಗೂ ಬರಿಗಾಲು ಬೇಡ. ಇದು ನಮ್ಮ ಮನೆಗಳಲ್ಲಿ ಜಗಳಕ್ಕೇ ಕಾರಣವಾಗುವ ಮಾತು, ಗೊತ್ತು. ಒಳಗೆ ಹಾಕಲೆಂದೇ ಒಂದು ಜೊತೆ ಬೇರೆ ಇಟ್ಟುಕೊಂಡರೆ ಆಯಿತು. ಹೆಬ್ಬೆರಳಿಗೆ ಸಿಕ್ಕಿಸುವ ಹವಾಯಿಗಿಂತ ಹಿಂದೆ ಪಟ್ಟಿ ಇರುವ, ಮೆತ್ತನೆ ಅಡಿಯ ಎಂಸಿಆರ್ (ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿ ವಾಸಿ. ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ಹಾಕುವ ಮುಂಚೆ ಪ್ರತಿ ಸಲ ಕೊಡವಿ, ಒಳಗೆ ಕೈಯಾಡಿಸಿ.

ಬೇಸಿಗೆ ಮಧ್ಯಾಹ್ನ ಚಪ್ಪಡಿ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಂಡರೂ ಜೋಮು ಹಿಡಿದ ಕಾಲಿಗೆ ತಿಳಿಯುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ, ದಪ್ಪ ಹತ್ತಿ ಕಾಲುಚೀಲ ಹಾಕಿಕೊಳ್ಳಿ. ಶ್ರವಣಬೆಳಗೊಳದ ಬೆಟ್ಟವನ್ನು ಎಷ್ಟೋ ಜನ ಕಾಲುಚೀಲ ಹಾಕಿಕೊಂಡೇ ಹತ್ತುತ್ತಾರೆ. ಗದ್ದೆಗೆ ಇಳಿಯುವವರು ಗಮ್‌ಬೂಟ್ ಹಾಕಿ, ಬಂದ ಕೂಡಲೇ ಕಾಲು ಒಣಗಿಸಿ.

ಗಾಯ ಕಂಡರೆ

ಶುದ್ಧ ನೀರಲ್ಲಿ ತೊಳೆದು, ಒಣ ಗಾಜ್ ಬಟ್ಟೆ ಸುತ್ತಿ, ಆ ಕಾಲಿನ ಮೇಲೆ ಭಾರ ಹಾಕದೆ 24 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ. ಅರಿಶಿನ, ಕಾಫಿಪುಡಿ, ಬೀಡಿ ಬೂದಿ, ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಯಾವುದೂ ಬೇಡ. ಜ್ವರ, ಕೆಟ್ಟ ವಾಸನೆ, ಕೀವು, ಮೇಲಕ್ಕೆ ಹಬ್ಬುವ ಕೆಂಪು ಇದ್ದರೆ ನಾಳೆವರೆಗೆ ಕಾಯಬೇಡಿ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಊದಿ, ಬಿಸಿಯಾಗಿ ಕೆಂಪಾದರೂ ಅಷ್ಟೇ. ಪಾದದ ಮೂಳೆಗಳೇ ಕುಸಿಯುತ್ತಿರಬಹುದು.

ಶುಗರ್ ಈಗ ಹತೋಟಿಗೆ ಬಂದಿದ್ದರೂ ಹೋದ ಸ್ಪರ್ಶ ಸಾಮಾನ್ಯವಾಗಿ ಮರಳುವುದಿಲ್ಲ, ಹಾಗಾಗಿ ಈ ತಪಾಸಣೆ ಬಿಡುವಂತಿಲ್ಲ. ತೊಂದರೆ ಇಲ್ಲದವರು ವರ್ಷಕ್ಕೊಮ್ಮೆ, ಸ್ಪರ್ಶ ಕುಗ್ಗಿದವರು 6ರಿಂದ 12 ತಿಂಗಳಿಗೊಮ್ಮೆ, ಹಿಂದೆ ಹುಣ್ಣಾಗಿದ್ದವರು 1ರಿಂದ 3 ತಿಂಗಳಿಗೊಮ್ಮೆ ಡಾಕ್ಟರಿಗೆ ಕಾಲು ತೋರಿಸಬೇಕು. ಅವರು ಕೇಳದಿದ್ದರೂ ಸರಿ, ಕೂತ ಕೂಡಲೇ ನೀವೇ ಚಪ್ಪಲಿ ಬಿಚ್ಚಿಬಿಡಿ.