ಮೊದಲು ಇಂಗಾಲದ ಮಿತಿ, ಆಮೇಲೆ ಬೇಡಿಕೆ: ಇಂಧನ ಮುನ್ನೋಟ ಕಟ್ಟಿದ ನನ್ನ ಅನುಭವ

ಹೊಸ ಗ್ಯಾಸ್ ಟರ್ಮಿನಲ್ ಒಂದಕ್ಕೆ ಸಾಲ ಕೊಟ್ಟರೆ ಹಣ ವಾಪಸು ಬರುವುದೇ ಎಂದು ಲೆಕ್ಕ ಹಾಕಿಕೊಡುವ ಕೆಲಸ 2019ರ ಸುಮಾರಿಗೆ ನನ್ನ ಪಾಲಿಗೆ ಬಂತು. ಆಗ ನಾವೆಲ್ಲರೂ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ವಾರ್ಷಿಕ ಮುನ್ನೋಟದಲ್ಲಿನ ಮುಖ್ಯ ಸನ್ನಿವೇಶವನ್ನು ಹಾಗೆಯೇ ಎತ್ತಿಕೊಂಡು, ಬೇಡಿಕೆ ಏರುತ್ತದೆ ಎಂದು ಬರೆದುಕೊಡುತ್ತಿದ್ದೆವು. ಸರ್ಕಾರಗಳು ಜಾರಿಯಲ್ಲಿರುವ, ಘೋಷಿಸಿರುವ ನೀತಿಗಳಂತೆಯೇ ನಡೆದರೆ ಎಲ್ಲಿಗೆ ತಲುಪುತ್ತೇವೆ ಎಂಬುದಷ್ಟೇ ಅದರಲ್ಲಿತ್ತು. ಸಾಲ ಕೊಡುವವರು ಅದನ್ನು ಭವಿಷ್ಯವೆಂದೇ ಓದುತ್ತಿದ್ದರು, ಆ ಧೈರ್ಯದಲ್ಲೇ ಹೊಸ ಬಾವಿಗಳಿಗೆ ದುಡ್ಡು ಹೋಗುತ್ತಿತ್ತು.

ನಾನು ಲೆಕ್ಕವನ್ನು ತಿರುವಿ ಹಾಕಲು ಹೊರಟೆ. ಭೂಮಿಯ ತಾಪಮಾನದ ಏರಿಕೆ 1.5 ಡಿಗ್ರಿಯೊಳಗೆ ಉಳಿಯುವ ಸಾಧ್ಯತೆ ಅರ್ಧದಷ್ಟಾದರೂ ಇರಬೇಕೆಂದರೆ, 2020ರಿಂದಾಚೆಗೆ ಜಗತ್ತು ಹೊರಬಿಡಬಹುದಾದದ್ದು ಸುಮಾರು 50,000 ಕೋಟಿ ಟನ್ ಇಂಗಾಲದ ಡೈಆಕ್ಸೈಡ್, ವರ್ಷದ ಖರ್ಚು ಸುಮಾರು 4,000 ಕೋಟಿ ಟನ್. ಮೊದಲು ಈ ಮಿತಿಯನ್ನು ಇಟ್ಟು, ಬೇಡಿಕೆಯನ್ನು ಅದರೊಳಗೆ ಕೂರಿಸಬೇಕು. 'ಇದು ಮುನ್ನೋಟವಲ್ಲ, ಹಾರೈಕೆ' ಎಂದು ನಮ್ಮ ಹಿರಿಯರೊಬ್ಬರು ಸಭೆಯಲ್ಲೇ ನಕ್ಕರು.

ಮೊದಲ ಮಾದರಿಯಲ್ಲಿ ಸೌರಶಕ್ತಿಯನ್ನು ಹಳೆಯ ವೇಗದಲ್ಲೇ ಓಡಲು ಬಿಟ್ಟೆ, ಅದು 2030ರ ದಶಕದಲ್ಲೇ ಜಗತ್ತಿನ ಒಟ್ಟು ವಿದ್ಯುತ್ತನ್ನೂ ಮೀರಿ ನಿಂತಿತು. ಎರಡನೆಯದರಲ್ಲಿ ಇಂಗಾಲಕ್ಕೆ ಬೆಲೆ ಕಟ್ಟಿದೆ. ಮಾದರಿ 2045ರವರೆಗೆ ಎಣ್ಣೆಯನ್ನು ಧಾರಾಳವಾಗಿ ಸುಟ್ಟು, ಆಮೇಲೆ ಗಾಳಿಯಿಂದ ಇಂಗಾಲವನ್ನು ಹೀರಿ ತೆಗೆಯುವುದಾಗಿ ಮಾತು ಕೊಟ್ಟಿತು, ಸಾಲ ತೀರಿಸಲು ಕೈಸಾಲ ಮಾಡುವವರಂತೆ. ಇಷ್ಟರಲ್ಲಿ ನಾಲ್ಕೈದು ತಿಂಗಳು ಹೋಗಿದ್ದವು. ಕಚೇರಿ ಒಪ್ಪದ ದತ್ತಾಂಶದ ಚಂದಾಕ್ಕೆ ನನ್ನ ಕೈಯಿಂದಲೇ ಮೂರು ಲಕ್ಷದಷ್ಟು ಹೋಯಿತು, ಯುಗಾದಿಗೆ ಊರಿಗೆ ಹೋದಾಗ ಬಾಡಿಗೆಯ ಸರ್ವರ್ ಆಫ್ ಮಾಡಲು ಮರೆತದ್ದಕ್ಕೆ ಇನ್ನೊಂದು ನಲವತ್ತು ಸಾವಿರ.

ಕೈ ಹಿಡಿದದ್ದು ಮೂರನೆಯದು. ಹೀರುವ ಬಾಗಿಲನ್ನು ಮುಚ್ಚಿ, ಈಗಿರುವ ಎಣ್ಣೆ ನಿಕ್ಷೇಪಗಳು ಬತ್ತುವ ವೇಗವನ್ನು ಪೂರೈಕೆಯ ಕಡೆ ಸೇರಿಸಿದೆ. ಚಾಲ್ತಿಯ ನಿಕ್ಷೇಪಗಳಿಗೆ ಬಂಡವಾಳ ಹಾಕುತ್ತಿದ್ದರೆ ಉತ್ಪಾದನೆ ವರ್ಷಕ್ಕೆ ಶೇ 4–5ರಷ್ಟು ಇಳಿಯುತ್ತದೆ, ಪೂರ್ತಿ ನಿಲ್ಲಿಸಿದರೆ ಶೇ 8ರಷ್ಟು. ಮಿತಿಯೊಳಗಿನ ಬೇಡಿಕೆಯೂ ಹೆಚ್ಚುಕಡಿಮೆ ಆ ಶೇ 4–5ರ ವೇಗದಲ್ಲೇ ಇಳಿಯಿತು. ಎರಡು ಗೆರೆಗಳು ಒಂದರ ಮೇಲೊಂದು ಬಿದ್ದವು, ನಡುವೆ ಹೊಸ ನಿಕ್ಷೇಪಕ್ಕೆ ಜಾಗವೇ ಉಳಿಯಲಿಲ್ಲ. 2021ರ ಮೇ ತಿಂಗಳಲ್ಲಿ ಅದೇ ಇಂಧನ ಸಂಸ್ಥೆ ತನ್ನ ನಿವ್ವಳ ಶೂನ್ಯ (ಹೊರಬಿಟ್ಟಷ್ಟನ್ನೇ ಹಿಂತೆಗೆದು ಲೆಕ್ಕ ಸೊನ್ನೆಯಾಗಿಸುವ) ಮಾರ್ಗನಕ್ಷೆಯಲ್ಲಿ, ದಿನಕ್ಕೆ 9 ಕೋಟಿ ಬ್ಯಾರೆಲ್‌ನಷ್ಟಿದ್ದ ಬೇಡಿಕೆಯನ್ನು 2050ಕ್ಕೆ 2.4 ಕೋಟಿಗೆ ಇಳಿಸಿ, ಆಗಲೇ ಒಪ್ಪಿಗೆ ಪಡೆದವನ್ನು ಬಿಟ್ಟು ಹೊಸ ಎಣ್ಣೆ, ಅನಿಲ ನಿಕ್ಷೇಪಗಳು ಬೇಕಿಲ್ಲ ಎಂದು ಬರೆಯಿತು. ನನ್ನ ಹಾಳೆ ಅದಕ್ಕಿಂತ ಐದು ತಿಂಗಳು ಹಳೆಯದು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಕ್ಕವರನ್ನು ಒಪ್ಪಿಸಿದ್ದು ಹಿಂದಿನ ಕಾಲದ ಪರೀಕ್ಷೆ. 2010ರವರೆಗಿನ ಅಂಕಿಗಳನ್ನಷ್ಟೇ ಕೊಟ್ಟು 2020ರ ಸೌರ ಸಾಮರ್ಥ್ಯ ಕೇಳಿದೆ. 40 ಗಿಗಾವ್ಯಾಟ್‌ನಿಂದ ಹೊರಟು ಅದು 640ರ ಹತ್ತಿರ ನಿಂತಿತು, ನಿಜವಾಗಿ ಆದದ್ದು 700ಕ್ಕೂ ಮೇಲೆ. ಆ ದಶಕದ ಅಧಿಕೃತ ಮುನ್ನೋಟಗಳಲ್ಲಾದರೋ ವರ್ಷವರ್ಷದ ಹೊಸ ಸೇರ್ಪಡೆ ಬಹುತೇಕ ಸಮತಟ್ಟಾಗಿ ಮಲಗಿತ್ತು. ಬೆಳವಣಿಗೆ ಎಲ್ಲಿ ಬಾಗಬೇಕೆಂದು ಗುರುತಿಸುವ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ.

ಹುಮ್ಮಸ್ಸಿನಲ್ಲಿ ಇದನ್ನೇ ಕರ್ನಾಟಕಕ್ಕೂ ಹಾಕಿ ನೋಡಿದೆ. ವಾರ್ಷಿಕ ಲೆಕ್ಕದಲ್ಲಿ ರಾಯಚೂರಿನ ಕಲ್ಲಿದ್ದಲು ಘಟಕಗಳು ಸಲೀಸಾಗಿ ಮುಚ್ಚಿದವು. ಗಂಟೆಯ ಲೆಕ್ಕಕ್ಕೆ ಇಳಿದಾಗ ಸಂಜೆ ಏಳಕ್ಕೆ ಪಾವಗಡದ ಸೌರ ಪಾರ್ಕಿನ 2,050 ಮೆಗಾವ್ಯಾಟ್ ಸೊನ್ನೆಯಾಗಿ, ಇಡೀ ಭಾರ ಶರಾವತಿ ಜಲವಿದ್ಯುತ್ತಿನ 1,035ರ ಮೇಲೆ ಬಿತ್ತು. ಸಂಗ್ರಹಣೆ ಸೇರಿಸದೆ ಆ ಹಾಳೆಯನ್ನು ಯಾರಿಗೂ ತೋರಿಸುವಂತಿರಲಿಲ್ಲ, ತೋರಿಸಲೂ ಇಲ್ಲ.

ಟರ್ಮಿನಲ್‌ನ ಸಾಲದ ಅವಧಿಯನ್ನು ಕೊನೆಗೆ ಅರ್ಧಕ್ಕೆ ಇಳಿಸಿದರು, ಪ್ರವರ್ತಕರು ಹಿಂದೆ ಸರಿದರು. 2020ರಲ್ಲಿ ಕೈಬಿಟ್ಟಿದ್ದ 'ಪ್ರಸ್ತುತ ನೀತಿ' ಸನ್ನಿವೇಶವನ್ನು ಇಂಧನ ಸಂಸ್ಥೆ 2025ರ ನವೆಂಬರ್‌ನಲ್ಲಿ ಮರಳಿ ತಂದಿತು. ಎಣ್ಣೆ, ಅನಿಲಗಳ ಬೇಡಿಕೆ ಅದರಲ್ಲಿ 2050ರವರೆಗೂ ಏರುತ್ತದೆ. ಅದೇ ಹಿರಿಯರು ಆ ಪುಟವನ್ನು ಫೋನಿಗೆ ಕಳುಹಿಸಿ, 'ನೋಡಿದಿರಾ?' ಎಂದು ಕೇಳಿದರು. ಅಂಕಿಗಳನ್ನು ನನ್ನ ಹಾಳೆಗೆ ಹಾಕಿ, ಇಂಗಾಲದ ಮಿತಿ 2032ರ ಹೊತ್ತಿಗೆ ಖಾಲಿಯಾಗುವ ಸಾಲಿನ ಚಿತ್ರವನ್ನಷ್ಟೇ ಅವರಿಗೆ ವಾಪಸು ಕಳುಹಿಸಿದೆ.